ಅಗಲಿದ ತಂದೆತಾಯಿಗಳ ಕಾವ್ಯಸ್ಮರಣೆ

ಮಡಿದ ತಂದೆತಾಯಿಗಳನ್ನು ಪದ್ಯದಲ್ಲಿ ನೆನೆಯುವ ರೂಢಿ ಕನ್ನಡದ ಶಾಸನ, ಜನಪದ ಹಾಡು, ಅಚ್ಚಿನ ಕವಿತೆ ಮೂರರಲ್ಲೂ ಕಾಣುತ್ತದೆ. ವಿಮರ್ಶೆಯಲ್ಲಿ ಇಂಥ ರಚನೆಗಳಿಗೆ ಚರಮಗೀತೆ, ಶೋಕಗೀತೆ ಎಂಬ ಹೆಸರುಗಳಿವೆ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಆ ಹೆಸರುಗಳ ಹಂಗಿಲ್ಲದ ರಚನೆಗಳೇ ಹೆಚ್ಚು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ ತ್ರಿಪದಿ, ಹೆಣದ ಮುಂದೆ ಹಾಡಿಕೊಂಡು ಅತ್ತ ಮಾತು, ರಾತ್ರಿಯಿಡೀ ನಡೆದ ಭಜನೆಯ ಪದ ಇವೆಲ್ಲ ಆ ಬಗೆಯವು. ಇವನ್ನು ಹೊರಗಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ. ಶಾಸನದಿಂದ ಇಂದಿನವರೆಗಿನ ಈ ಪರಂಪರೆಯಲ್ಲಿ ಹೆತ್ತವರ ಸದ್ಗುಣಗಳನ್ನು ಪಟ್ಟಿ ಮಾಡಿ ಹೊಗಳಿದ ಪದ್ಯಗಳು ಬಹುಮಟ್ಟಿಗೆ ಮರೆತುಹೋಗಿವೆ. ಅವರ ಕೈಕೆಲಸ, ಮಾತಿನ ರೀತಿ, ಪಟ್ಟ ಪಾಡು ಇವುಗಳಲ್ಲಿ ಒಂದನ್ನಾದರೂ ಹಿಡಿದಿಟ್ಟವು ಬಾಯಿಂದ ಬಾಯಿಗೆ ಉಳಿದುಬಂದಿವೆ.

ಕಲ್ಲಿನ ಬರಹದಲ್ಲಿ

ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳು ಕರ್ನಾಟಕದಲ್ಲಿ ಅಸಂಖ್ಯ. ಹೋರಾಡಿ ಮಡಿದವರಿಗೆ ವೀರಗಲ್ಲು, ಸಹಗಮನ ಮಾಡಿದವರಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹ ಬಿಟ್ಟ ಜೈನರಿಗೆ ನಿಸಿದಿ. ಈ ಸ್ಮಾರಕಗಳನ್ನು ಕುರಿತು ‘ಸಮಾಧಿ, ಬಲಿದಾನ, ವೀರಮರಣ ಸ್ಮಾರಕಗಳು’ ಎಂಬ ಪುಸ್ತಕ ಬರೆದ ಎಂ. ಎಂ. ಕಲಬುರ್ಗಿ (1938–2015) ಸಿಂದಗಿ ತಾಲ್ಲೂಕಿನ ಯರಗಲ್ಲಿನವರು. ಸಾವನ್ನು ಸಮಾಜ ಹೇಗೆ ಬರೆದಿಡುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ಸಂಶೋಧನೆಯ ಕೇಂದ್ರಕ್ಕೆ ತಂದವರಲ್ಲಿ ಅವರೊಬ್ಬರು.

ಹೆತ್ತವರಿಗೇ ಮೀಸಲಾದ ಸ್ಮಾರಕಗಳಿಗೆ ಒಳ್ಳೆಯ ಉದಾಹರಣೆ ಶ್ರವಣಬೆಳಗೊಳದಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚಿಕ್ಕಬೆಟ್ಟದ ಕತ್ತಲೆ ಬಸದಿಯನ್ನು ಕಟ್ಟಿಸಿದ್ದು 1118ರ ಸುಮಾರಿಗೆ, ತಾಯಿ ಪೋಚವ್ವೆಗಾಗಿ. ಅವಳು ತೀರಿಕೊಂಡ ಮೇಲೆ ಅವಳ ಹೆಸರಿನಲ್ಲಿ ನಿಸಿದಿಯ ಬರಹವೂ ಹುಟ್ಟಿತು. ಸತ್ತವರಿಗೆ ಸಲ್ಲಿಸುವ ಇಂಥ ಗೌರವವನ್ನು ಶಾಸನಗಳು ಪರೋಕ್ಷವಿನಯ ಎನ್ನುತ್ತವೆ. ಕಣ್ಣೆದುರು ಇಲ್ಲದವರಿಗೂ ವಿನಯ ಸಲ್ಲಬೇಕು ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಶಾಸನಕವಿಗಳ ಭಾಷೆ ಪ್ರೌಢವಾದದ್ದು, ಹಲವೆಡೆ ಸಿದ್ಧ ಅಚ್ಚಿನಿಂದ ಬಂದದ್ದು. ಒಬ್ಬ ತಾಯಿಗೆ ಹೇಳಿದ ಜಿನಭಕ್ತಿ, ದಾನಶೀಲತೆ, ಪತಿವ್ರತಾಗುಣ ಇನ್ನೊಬ್ಬಳಿಗೂ ಒಪ್ಪುತ್ತವೆ.

ಕವಿಗಳ ದಾರಿ ತುಸು ಬೇರೆ. ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ 10ನೆಯ ಶತಮಾನದಲ್ಲಿ ಕೆತ್ತಿಸಿದ ಬರಹ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿದೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬ ಹೆಸರುಗಳು ನಮಗೆ ತಿಳಿದದ್ದು ಅಲ್ಲಿಂದ. ರನ್ನ 993ರ ‘ಅಜಿತಪುರಾಣ’ದಲ್ಲಿ ತಂದೆ ಜಿನವಲ್ಲಭನನ್ನೂ ತಾಯಿ ಅಬ್ಬಲಬ್ಬೆಯನ್ನೂ ಹೆಸರಿಸಿ, ತಾನು ಬಳೆಗಾರ ಕುಲದವನೆಂದು ಹೇಳಿಕೊಂಡ. ಅರಸರ ವಂಶಾವಳಿಗಳನ್ನು ಹಾಡುತ್ತಿದ್ದ ಕಾಲದಲ್ಲಿ ಬಳೆ ಮಾರುವವರ ಮಗ ತನ್ನವರ ಹೆಸರನ್ನೂ ಅದೇ ಕಾವ್ಯದೊಳಗೆ ನಿಲ್ಲಿಸಿದ್ದು ದೊಡ್ಡ ಸಂಗತಿ. ರನ್ನನ ಮುಧೋಳಕ್ಕೂ ಸಿಂದಗಿ ಸೀಮೆಗೂ ನಡುವೆ ಕೃಷ್ಣೆ ಹರಿಯುತ್ತದೆ.

ಶರಣರ ನಾಡಿನಲ್ಲಿ ಅಳು

ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಮಾದರಸ, ಮಾದಲಾಂಬಿಕೆ ಅವರ ತಂದೆತಾಯಿ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಹೆತ್ತವರು ಬೇಗನೆ ತೀರಿಕೊಂಡು, ಕೂಸು ಅಜ್ಜಿಯ ಆರೈಕೆಯಲ್ಲಿ ಬೆಳೆಯುತ್ತದೆ. ರಗಳೆ ಆ ದುಃಖದಲ್ಲಿ ನಿಲ್ಲುವುದಿಲ್ಲ, ಭಕ್ತಿಯ ಕಡೆಗೆ ಓಡುತ್ತದೆ. ವಚನಗಳಲ್ಲೂ ಹಾಗೆಯೇ. ತಂದೆ, ತಾಯಿ, ಬಂಧು ಎಂಬ ನಂಟಿನ ಮಾತುಗಳೆಲ್ಲ ಕೂಡಲಸಂಗಮನ ಕಡೆಗೆ ತಿರುಗುತ್ತವೆ. ಶರಣಧರ್ಮ ಪಂಚಸೂತಕಗಳನ್ನು ಅಲ್ಲಗಳೆಯಿತು, ಅವುಗಳಲ್ಲಿ ಮರಣಸೂತಕವೂ ಒಂದು. ಸತ್ತವರು ಲಿಂಗೈಕ್ಯರಾದರು ಎಂದ ಮೇಲೆ ಅಳುವುದಕ್ಕೆ ತತ್ವದಲ್ಲಿ ಜಾಗವಿಲ್ಲ.

ಬದುಕಿನಲ್ಲಿ ಜಾಗವಿತ್ತು. ಇಲ್ಲಿನ ಲಿಂಗಾಯತ ಮನೆಗಳಲ್ಲಿ ಸತ್ತವರನ್ನು ಕುಳ್ಳಿರಿಸಿ ವಿಭೂತಿ ಧರಿಸುತ್ತಾರೆ, ಭಜನೆಯವರು ಬಂದು ತತ್ವಪದ ಹಾಡುತ್ತಾರೆ. ಶಿಶುನಾಳ ಶರೀಫರ ಪದ, ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ಪದ ಅಲ್ಲಿ ಕೇಳಿಬರುತ್ತವೆ. ಅವು ದೇಹದ ಅನಿತ್ಯತೆಯನ್ನು ಹೇಳುವ ಪದಗಳು, ಸತ್ತವರ ಹೆಸರನ್ನೆತ್ತುವುದಿಲ್ಲ. ಅದೇ ಹೊತ್ತಿನಲ್ಲಿ, ಅದೇ ಪಡಸಾಲೆಯಲ್ಲಿ, ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ. ಈ ಅಳುವಿಗೆ ಒಂದು ಧಾಟಿಯಿದೆ, ಸಾಲಿನ ಕೊನೆಗೆ ‘ಯವ್ವಾ’, ‘ಯಪ್ಪಾ’ ಎಂಬ ಎಳೆತವಿದೆ. ಸತ್ತವಳು ಯಾರಿಗೆ ಬಾಣಂತನ ಮಾಡಿದಳು, ಬರಗಾಲದಲ್ಲಿ ಮನೆ ಹೇಗೆ ನಡೆಸಿದಳು, ಯಾವ ಮಗಳ ಮದುವೆಗೆ ಯಾವ ಒಡವೆ ಒತ್ತೆಯಿಟ್ಟಳು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಈ ಪದ್ಯವನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಭಜನೆ ಆತ್ಮವನ್ನು ಕಳಿಸಿಕೊಡುತ್ತದೆ, ಅಳು ಮನುಷ್ಯಳನ್ನು ನೆನೆಯುತ್ತದೆ. ಎರಡೂ ಕೂಡಿದಾಗಲೇ ಈ ನಾಡಿನ ವಿದಾಯ ಪೂರ್ತಿಯಾಗುತ್ತದೆ.

ಮೊಹರಂ ಹೊತ್ತಿನ ರಿವಾಯತ್ ಪದಗಳೂ ಇದಕ್ಕೆ ಹತ್ತಿರದವು. ಕರ್ಬಲಾದಲ್ಲಿ ಮಡಿದ ಹುಸೇನರ ಮನೆತನದ ಶೋಕವನ್ನು ವಿಜಯಪುರ, ಕಲಬುರಗಿ ಕಡೆಯ ಊರುಗಳಲ್ಲಿ ಹಿಂದೂ, ಮುಸ್ಲಿಂ ಇಬ್ಬರೂ ಕನ್ನಡದಲ್ಲೇ ಹಾಡುತ್ತಾರೆ.

ಬೀಸುವ ಕಲ್ಲಿನ ಮುಂದೆ

ಈ ಸೀಮೆ ಕನ್ನಡ ಕಾವ್ಯಕ್ಕೆ ಕೊಟ್ಟ ದೊಡ್ಡ ಕಾಣಿಕೆ ಬೀಸುವ ಪದ. ಎರಿ ಭೂಮಿಯ ಬಿಳಿಜೋಳವೇ ಇಲ್ಲಿನ ಊಟ. ಗಿರಣಿ ಬರುವ ಮುಂಚೆ ದಿನದ ರೊಟ್ಟಿಗೆ ಬೇಕಾದ ಹಿಟ್ಟನ್ನು ಕೋಳಿ ಕೂಗುವ ಮೊದಲೇ ಬೀಸಿಕೊಳ್ಳಬೇಕಿತ್ತು. ಒಬ್ಬಳೇ, ಇಲ್ಲವೆ ಇಬ್ಬರು ಎದುರುಬದುರಾಗಿ ಕುಳಿತು ಗೂಟ ಹಿಡಿದು ತಿರುಗಿಸುವಾಗ ಹಾಡು ತಾನಾಗಿ ಬರುತ್ತಿತ್ತು. ಅದರ ಛಂದಸ್ಸು ತ್ರಿಪದಿ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು ಅಂಶಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ ಕಾಣಿಸಿಕೊಂಡ ಈ ಮಟ್ಟು ಸಾವಿರದಿನ್ನೂರು ವರ್ಷಗಳ ಮೇಲೂ ಅಕ್ಷರ ಬಾರದ ಹೆಣ್ಣುಮಕ್ಕಳ ಬಾಯಲ್ಲಿ ಕೆಡದೆ ಉಳಿದಿತ್ತು. ಹಾಡುವಾಗ ಎರಡನೆಯ ಸಾಲಿನ ಒಂದು ತುಂಡು ಮರಳಿ ಬರುತ್ತದೆ. ಆ ಮರುಕಳಿಕೆಯಲ್ಲೇ ಹಾಡುವವಳು ಮುಂದಿನ ಸಾಲು ಕಟ್ಟಿಕೊಳ್ಳುತ್ತಾಳೆ.

ಬೀಸುವ ಪದ ಶುರುವಾಗುವುದು ನೆನಕೆಯಿಂದ. ದೇವರು, ಭೂಮಿತಾಯಿ, ಗುರು, ಹಡೆದವರು ಎಲ್ಲರ ಹೆಸರನ್ನೂ ಕಲ್ಲಿಗೆ ಕಾಳು ಹಾಕುವಾಗಲೇ ಹೇಳಿಕೊಳ್ಳಬೇಕು. ಮುಂದೆ ಹಾಡು ತವರಿಗೆ ಹೋಗುತ್ತದೆ. ಮದುವೆಯಾಗಿ ಬಂದವಳಿಗೆ ಗಂಡನ ಮನೆಯಲ್ಲಿ ತನ್ನ ತಾಯಿಯ ಮಾತೆತ್ತಲು ಬೇರೆ ಹೊತ್ತು ಸಿಗುವುದು ಕಷ್ಟ. ಅತ್ತೆ ನಿದ್ದೆಯಲ್ಲಿರುವ ಆ ನಸುಕಿನ ಗಳಿಗೆಯಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ, ಹೇಳಬೇಕಾದದ್ದನ್ನೆಲ್ಲ ಹೇಳಿಕೊಳ್ಳಬಹುದಿತ್ತು. ಹಡೆದವ್ವ ಸತ್ತ ಮೇಲೆ ತವರು ಏನಾಗುತ್ತದೆ ಎಂಬುದು ಈ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಸಂಕಟ. ಅಣ್ಣ ಇದ್ದಾನೆ, ಮನೆ ಇದೆ, ಬಾಗಿಲೂ ತೆರೆದಿದೆ, ಆದರೆ ಬಂದವಳ ಮುಖ ನೋಡಿ ಹಸಿವು ತಿಳಿಯುವವರಿಲ್ಲ. ಸೊಸೆಯಂದಿರ ಕೈಯಲ್ಲಿರುವ ಅಡುಗೆಮನೆಯಲ್ಲಿ ಮಗಳು ನೆಂಟಳಾಗುತ್ತಾಳೆ. ಇಷ್ಟು ದೊಡ್ಡ ಮಾತನ್ನು ಮೂರು ಸಾಲಿನಲ್ಲಿ ಹೇಳಿ ಮುಗಿಸುವ ಶಕ್ತಿ ಆ ಅನಾಮಿಕ ಕವಿಗಳಿಗಿತ್ತು. ಹಡೆದವಳನ್ನು ದೇವತೆಯೆಂದು ಒಮ್ಮೆ ಕರೆದರೆ, ಅವಳ ಕೈಯ ಎಣ್ಣೆ, ತಲೆಗೆ ಹಾಕಿದ ನೀರು, ಸೆರಗಿನ ನೆರಳು ಇವುಗಳನ್ನು ಹತ್ತು ಸಲ ನೆನೆಯುತ್ತಾರೆ.

ತಂದೆಗೆ ಈ ಹಾಡುಗಳಲ್ಲಿ ಸಿಕ್ಕ ಜಾಗ ಕಡಿಮೆ. ಅವನು ಬರುವುದು ಮದುವೆ, ಉಡುಗೊರೆ, ಕರೆಯಲು ಕಳಿಸಿದ ಬಂಡಿ ಇಂಥ ಸಂದರ್ಭಗಳಲ್ಲಿ, ಕೊಡುವವನಾಗಿ. ಹೊಲದಲ್ಲಿ ದುಡಿದು ಕಟ್ಟೆಗೆ ಕೂಡ್ರುವ ಅಪ್ಪ ಮಗಳಿಗೆ ಎಷ್ಟು ದೂರದವನಾಗಿದ್ದ ಎಂಬುದಕ್ಕೆ ಈ ಮೌನವೇ ದಾಖಲೆ.

ಈ ಹಾಡುಗಳು ಅಚ್ಚಿಗೆ ಬಂದದ್ದು ಹಲಸಂಗಿಯಿಂದ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಈ ಊರು ಲಾವಣಿಕಾರ ಖಾಜಾಭಾಯಿಯಿಂದ ಮೊದಲೇ ಹೆಸರಾಗಿತ್ತು. ಮಧುರಚೆನ್ನ ಎಂಬ ಹೆಸರಿನಲ್ಲಿ ಬರೆದ ಚೆನ್ನಮಲ್ಲಪ್ಪ ಗಲಗಲಿ (1903–1953), ಚಡಚಣದ ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ‘ಹಲಸಂಗಿ ಗೆಳೆಯರು’ ಎನಿಸಿಕೊಂಡರು. ಇವರ ‘ಗರತಿಯ ಹಾಡು’ 1931ರಲ್ಲಿ ಬಂತು. 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಅದರ ಬೆನ್ನಿಗೆ ಬಂದವು. ಇಪ್ಪತ್ತರ ಹರೆಯದ ಗಂಡಸರು ತಮ್ಮ ಮನೆಯ, ಓಣಿಯ ಹೆಣ್ಣುಮಕ್ಕಳ ಹಾಡನ್ನು ಸಾಹಿತ್ಯವೆಂದು ಬರೆದುಕೊಂಡದ್ದು ಆ ಕಾಲಕ್ಕೆ ಎಂಥ ಧೈರ್ಯದ ಕೆಲಸ ಎಂಬುದನ್ನು ನಾವಿಂದು ಮರೆತಿದ್ದೇವೆ. ಒಂದು ದೃಷ್ಟಿಯಿಂದ ‘ಗರತಿಯ ಹಾಡು’ ಇಡಿಯಾಗಿ ತಾಯಂದಿರಿಗೆ ಸಲ್ಲಿಸಿದ ಗೌರವಗ್ರಂಥ. ತಾಯಿಯನ್ನು ಕುರಿತು ತಾವು ಪದ್ಯ ಬರೆಯುವುದಕ್ಕಿಂತ ತಾಯಂದಿರೇ ಕಟ್ಟಿದ ಪದ್ಯವನ್ನು ಉಳಿಸುವುದು ಮೇಲೆಂದು ಗೆಳೆಯರು ತೋರಿಸಿಕೊಟ್ಟರು.

ಅವರು ಬರೆದುಕೊಂಡದ್ದು ಸರಿಯಾದ ಹೊತ್ತಿಗೆ. ಮುಂದಿನ ದಶಕಗಳಲ್ಲಿ ಊರೂರಿಗೆ ಹಿಟ್ಟಿನ ಗಿರಣಿ ಬಂತು. ಹೆಣ್ಣುಮಕ್ಕಳ ರಟ್ಟೆಗೆ ದೊಡ್ಡ ಬಿಡುಗಡೆ ಸಿಕ್ಕಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಹಾಡುವ ಹೊತ್ತೂ ಅದರೊಂದಿಗೆ ಹೋಯಿತು. ಹಾಡು ಮದುವೆ, ಸೀಮಂತ, ಹಬ್ಬದ ಸೋಬಾನಕ್ಕೂ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಜಾನಪದ ಕಾರ್ಯಕ್ರಮಕ್ಕೂ ಸರಿದುಕೊಂಡಿತು. ಕೇಳುವವರಿಗಾಗಿ ಹಾಡುವಾಗ ಸತ್ತ ತಾಯಿಯ ಪದ ಹಿಂದೆ ಬಿದ್ದು ನಗಿಸುವ ಪದ ಮುಂದೆ ಬಂತು.

ತ್ರಿಪದಿಯ ಕಸುವನ್ನು ಅಕ್ಷರಸ್ಥ ಕವಿಗಳೂ ಬಲ್ಲರು. ಗಡಿಯಾಚೆಯ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ (1912–1986) ಸಿದ್ಧರಾಮೇಶ್ವರನ ಪುರಾಣವನ್ನು ಇದೇ ಮಟ್ಟಿನಲ್ಲಿ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಹೆಣ್ಣುಮಗಳು ಅವರೇ.

ಅಂಬಿಕೆಯ ಮಗ

ಹಲಸಂಗಿ ಗೆಳೆಯರಿಗೆ ಹಿರಿಯಣ್ಣನಂತಿದ್ದ ದ. ರಾ. ಬೇಂದ್ರೆ (1896–1981) ತಾಯಿಯನ್ನು ನೆನೆಯಲು ಯಾರೂ ತುಳಿಯದ ದಾರಿ ಹಿಡಿದರು. ಅಂಬಿಕೆಯ ಮಗ ದತ್ತ ಎಂಬ ಅರ್ಥದ ‘ಅಂಬಿಕಾತನಯದತ್ತ’ ಅವರ ಕಾವ್ಯನಾಮ. ತಂದೆ ರಾಮಚಂದ್ರ ಬೇಂದ್ರೆ ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು, ಮನೆ ನಡೆಸಿದ್ದು ತಾಯಿ. ಒಂದು ಕವಿತೆಯಲ್ಲಿ ತಾಯಿಯನ್ನು ನೆನೆದರೆ ಅದು ಒಂದು ದಿನದ ಶ್ರಾದ್ಧ. ಬರೆದ ಪ್ರತಿ ಕವಿತೆಯ ಕೆಳಗೂ ಅವಳ ಹೆಸರು ಬರುವಂತೆ ಮಾಡಿಕೊಂಡರೆ ಅದು ಜೀವಮಾನದ ವ್ರತ. ‘ನಾನು’ ಎಂಬ ಕವಿತೆಯಲ್ಲಿ ವಿಶ್ವಮಾತೆ, ಭೂಮಿತಾಯಿ, ಭಾರತಮಾತೆ, ಕನ್ನಡತಾಯಿ, ಸ್ವಂತ ತಾಯಿ ಹೀಗೆ ಐವರನ್ನು ಎಣಿಸುತ್ತಾರೆ. ಐದನೆಯವಳು ಉಳಿದ ನಾಲ್ವರಲ್ಲಿ ಕರಗಿಹೋಗುವುದಿಲ್ಲ. ಹಾಲು, ನೆತ್ತರು ಕೊಟ್ಟವಳು ಅವಳೊಬ್ಬಳೇ ಎಂಬುದು ಕವಿತೆಯಲ್ಲಿ ಸ್ಪಷ್ಟವಾಗಿದೆ. ನಾಡನ್ನು, ನುಡಿಯನ್ನು ತಾಯಿಯೆಂದು ಹಾಡಿದ ಎಷ್ಟೋ ಕವಿಗಳಲ್ಲಿ ಹಡೆದವಳು ಕಾಣೆಯಾಗಿದ್ದಾಳೆ. ಬೇಂದ್ರೆಯವರಲ್ಲಿ ಹಾಗಾಗಲಿಲ್ಲ.

ಕಪ್ಪು ನೆಲದ ಅವ್ವ, ಸಾಲ ಬಿಟ್ಟುಹೋದ ಅಪ್ಪ

ನವ್ಯದ ಹೊತ್ತಿಗೆ ಹೊಗಳಿಕೆಯ ಭಾಷೆಯೇ ಅನುಮಾನಕ್ಕೆ ಒಳಗಾಯಿತು. ಪಿ. ಲಂಕೇಶರ ‘ಅವ್ವ’ ಈ ವಸ್ತುವಿನ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ಕವಿತೆ ಎಂದರೆ ತಪ್ಪಾಗದು. ಅಲ್ಲಿನ ತಾಯಿ ಕಪ್ಪು ನೆಲದಂಥವಳು, ದುಡಿದವಳು, ಜಗಳವಾಡಿದವಳು, ಹೊಟ್ಟೆಕಿಚ್ಚು ಪಟ್ಟವಳು. ಪುರಾಣದ ಸತಿಯರ ಸಾಲಿಗೆ ಅವಳನ್ನು ಸೇರಿಸಲು ಮಗ ಒಪ್ಪುವುದಿಲ್ಲ. ಅವಳ ಸಾವು ಕೂಡ ಮನೆಯಿಂದ ಹೊಲಕ್ಕೆ ಹೊರಟಷ್ಟು ಸಹಜ. ಕೃತಜ್ಞತೆ ಇದೆ, ಪೂಜೆ ಇಲ್ಲ. ಶಿವಮೊಗ್ಗ ಸೀಮೆಯಲ್ಲಿ ಹುಟ್ಟಿದ ಈ ಕವಿತೆಯನ್ನು ಎರಿಹೊಲದ ಓದುಗ ತನ್ನದೇ ಎಂದುಕೊಳ್ಳುತ್ತಾನೆ, ಏಕೆಂದರೆ ಅದು ಹಿಡಿದದ್ದು ಕೆಲಸವನ್ನು, ಬೆವರನ್ನು. ಹಾಡಿಕೊಂಡು ಅಳುವ ಹೆಂಗಸಿಗೂ ಲಂಕೇಶರಿಗೂ ಇರುವ ದೂರ ನಾವೆಣಿಸುವಷ್ಟಿಲ್ಲ.

ತಂದೆಯ ವಿಷಯದಲ್ಲಿ ಆಧುನಿಕ ಕವಿಗಳು ಜನಪದರಿಗಿಂತ ಮುಂದೆ ಹೋದರು, ಆದರೆ ಜಗಳವಾಡುತ್ತ ಹೋದರು. ಗೋಪಾಲಕೃಷ್ಣ ಅಡಿಗರ ‘ಭೂತ’ ಕವಿತೆ (‘ಭೂಮಿಗೀತ’, 1959) ಪಿತೃಗಳನ್ನು ಬೆನ್ನು ಬಿಡದ ಭೂತಗಳೆಂದು ಕಾಣುತ್ತದೆ, ಅಗೆದು ತೆಗೆದ ಅದಿರನ್ನು ಕಾಯಿಸಿ ಸೋಸಿ ಬಂಗಾರ ಮಾಡಿಕೊಳ್ಳಬೇಕೆನ್ನುತ್ತದೆ. ಮೈಸೂರಿನ ಎ. ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಬರೆದ ‘ಆಬಿಚ್ಯುಅರಿ’ (‘ರಿಲೇಷನ್ಸ್’, 1971) ತಂದೆ ಬಿಟ್ಟುಹೋದ ಸಾಲ, ಹೆಣ್ಣುಮಕ್ಕಳು, ಸುಡದೆ ಉಳಿದ ಮೂಳೆ, ಪತ್ರಿಕೆಯ ಎರಡು ಸಾಲಿನ ಸುದ್ದಿ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಆ ಪತ್ರಿಕೆ ರದ್ದಿಗೆ ಹೋಗಿ ಉಪ್ಪು, ಬೆಲ್ಲದ ಪೊಟ್ಟಣವಾಗಿರಬಹುದೆಂದು ಮಗ ಕಾಗದದ ಸುರುಳಿಗಳನ್ನು ಬಿಚ್ಚಿ ಹುಡುಕುತ್ತಾನೆ. ಮೇಲುನೋಟಕ್ಕೆ ಬಿಗುಮಾನದ ಕವಿತೆ, ಒಳಗೆ ತಬ್ಬಲಿಯ ಹುಡುಕಾಟ.

ಎಪ್ಪತ್ತರ ದಶಕದಿಂದ ದಲಿತ, ಬಂಡಾಯ ಕವಿಗಳು ಹೆತ್ತವರ ದುಡಿಮೆಯನ್ನೂ ಅವಮಾನವನ್ನೂ ಬಹಿರಂಗದಲ್ಲಿ ಹೇಳಿದರು. ಮುದ್ದೇಬಿಹಾಳದಲ್ಲಿ 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿ ಈ ತಲೆಮಾರಿನವರು. ಅವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ ಈ ಸೀಮೆಯ ಕೇರಿಯ ಬದುಕನ್ನು ಗದ್ಯದಲ್ಲಿ ದಾಖಲಿಸಿತು. ಇಂಥ ಬರಹದಲ್ಲಿ ಹಿರಿಯರ ಸ್ಮರಣೆ ಮನೆಯೊಳಗಿನ ಸಂಗತಿಯಾಗಿ ಉಳಿಯದೆ ನ್ಯಾಯದ ಬೇಡಿಕೆಯಾಗುತ್ತದೆ.

ಬೇರೆ ಭಾಷೆಗಳಲ್ಲಿ

ಶಂಕರಾಚಾರ್ಯರ ಹೆಸರಿನಲ್ಲಿರುವ ‘ಮಾತೃಪಂಚಕ’ದಲ್ಲಿ ಸನ್ಯಾಸಿ ಮಗ ತಾಯಿಯ ಹೆರಿಗೆನೋವನ್ನೂ ಅವಳು ಹೊತ್ತ ಭಾರವನ್ನೂ ನೆನೆಯುತ್ತಾನೆ. ತಮಿಳಿನ ಪಟ್ಟಿನತ್ತಾರ್ ತಾಯಿಯ ಚಿತೆಗೆ ಬೆಂಕಿ ಇಡುವಾಗ ಹಾಡಿದರೆನ್ನುವ ಪದ್ಯಗಳಲ್ಲೂ ಹೊತ್ತ ತಿಂಗಳುಗಳ, ಕೊಟ್ಟ ಹಾಲಿನ ಮಾತಿದೆ. ಎಲ್ಲ ತೊರೆದವರಿಗೂ ತೊರೆಯಲಾಗದ ಒಂದು ಋಣವಿತ್ತು. ಮರಾಠಿಯ ಮಾಧವ ಜೂಲಿಯನ್ (1894–1939) ಬರೆದ ‘ಪ್ರೇಮಸ್ವರೂಪ ಆಈ’ ಲತಾ ಮಂಗೇಶಕರ್ ದನಿಯಲ್ಲಿ ಮನೆಮನೆಗೂ ಹೋಯಿತು. ಹೊಗಳಿಕೆ ಬಾಳದು ಎಂಬ ಮಾತಿಗೆ ದೊಡ್ಡ ಅಪವಾದ ಸ್ಪೇನಿನ ಹೋರ್ಹೆ ಮನ್ರಿಕೆಯದು. 1476ರಲ್ಲಿ ತೀರಿಕೊಂಡ ತಂದೆಯ ಮೇಲೆ ಅವನು ಬರೆದ ನಲವತ್ತು ಪದ್ಯಗಳು ಶುದ್ಧ ಪ್ರಶಂಸೆಯಲ್ಲಿ ಮುಗಿಯುತ್ತವೆ, ಆದರೂ ಸ್ಪ್ಯಾನಿಷ್ ಕಾವ್ಯದ ಶಿಖರಗಳಲ್ಲಿ ಸೇರಿವೆ. ಅಮೆರಿಕದ ಅಲೆನ್ ಗಿನ್ಸ್‌ಬರ್ಗ್ ಇನ್ನೊಂದು ತುದಿ. ತಾಯಿ ನೇಯೋಮಿಯ ಮಣ್ಣಿನ ಹೊತ್ತಿಗೆ ವಿಧಿಗೆ ಬೇಕಾದ ಹತ್ತು ಮಂದಿ ಗಂಡಸರು ಕೂಡದೆ ಯಹೂದಿ ಪ್ರಾರ್ಥನೆ ನಡೆಯಲಿಲ್ಲ. ಆ ಕೊರತೆಗೆ ಅವನು ಬರೆದುಕೊಟ್ಟದ್ದು ‘ಕಡಿಶ್’ (1961).

ದತ್ತಿ, ಫ್ಲೆಕ್ಸ್, ನೋಟುಬುಕ್ಕು

ಇಂದು ಹೆತ್ತವರ ಹೆಸರು ಸಾಹಿತ್ಯದ ಜೊತೆ ಸೇರುವುದು ಹೆಚ್ಚಾಗಿ ದತ್ತಿಯ ಮೂಲಕ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಮೂಲಧನ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸವನ್ನೋ ಬಹುಮಾನವನ್ನೋ ನಡೆಸುವ ಏರ್ಪಾಟಿದೆ. ಜಿಲ್ಲಾ, ತಾಲ್ಲೂಕು ಘಟಕಗಳಲ್ಲೂ ಇದು ನಡೆಯುತ್ತದೆ. ರೈತ ತಂದೆಯ ಹೆಸರಿನಲ್ಲಿ ಕಾಲೇಜಿನ ಮಕ್ಕಳು ವಚನದ ಬಗ್ಗೆ ಮಾತು ಕೇಳುವುದು ಒಳ್ಳೆಯ ಸ್ಮಾರಕವೇ. ಬಡ್ಡಿದರ ಇಳಿದಂತೆ ಹಳೆಯ ದತ್ತಿಗಳು ಸೊರಗುತ್ತವೆ. ಅವುಗಳಿಗೆ ಮೊಮ್ಮಕ್ಕಳು ಮತ್ತಷ್ಟು ಹಣ ಸೇರಿಸಬೇಕಾಗುತ್ತದೆ.

ವರ್ಷದ ಪುಣ್ಯಸ್ಮರಣೆಗೆ ಪತ್ರಿಕೆಯ ಶ್ರದ್ಧಾಂಜಲಿ ಪ್ರಕಟಣೆ, ಬಸ್‌ಸ್ಟ್ಯಾಂಡಿನ ಫ್ಲೆಕ್ಸ್, ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಕಾಣುವ ಪ್ರಾಸಬದ್ಧ ಸಾಲುಗಳು ಹಲವು ಸಲ ಮುದ್ರಕರ ಬಳಿಯ ಸಿದ್ಧ ಪದ್ಯಗಳು, ಹೆಸರೊಂದು ಬದಲಾಗುತ್ತದೆ. ದುಃಖ ನಿಜವೇ, ಪದ್ಯ ಎರವಲಿನದು. ಶಾಸನಕವಿಯ ಸಿದ್ಧ ವಿಶೇಷಣಗಳ ಕಷ್ಟವೇ ಇಲ್ಲೂ ಮರಳಿ ಬಂದಿದೆ. ಅದೇ ಮನೆಯ ಅಕ್ಕ ಎರಡು ನಿಮಿಷ ಹಾಡಿಕೊಂಡು ಅತ್ತದ್ದನ್ನು ಬರೆದುಕೊಂಡಿದ್ದರೆ ಫ್ಲೆಕ್ಸಿಗೆ ಬೇರೆ ಕವಿ ಬೇಕಿರಲಿಲ್ಲ.

ಇದಕ್ಕಿಂತ ಗಟ್ಟಿಯಾದದ್ದು ಹೆತ್ತವರ ರಚನೆಗಳನ್ನೇ ಮಕ್ಕಳು ಅಚ್ಚು ಹಾಕಿಸುವ ಪದ್ಧತಿ. ಬೇಂದ್ರೆಯವರ ಸಮಗ್ರ ಕಾವ್ಯ ‘ಔದುಂಬರಗಾಥೆ’ಯ ಸಂಪುಟಗಳನ್ನು ಸಂಪಾದಿಸಿದವರು ಮಗ ವಾಮನ ಬೇಂದ್ರೆ. ಭಜನೆ, ಗೀಗೀ, ಡೊಳ್ಳಿನ ಪದ ಹಾಡುತ್ತಿದ್ದವರ ಮನೆಗಳಲ್ಲಿ ಅಪ್ಪನ ಕೈಬರಹದ ಹಾಡಿನ ನೋಟುಬುಕ್ಕು ಇರುವುದುಂಟು. ಅದರಲ್ಲಿ ಬೇರೆಯವರ ಪದಗಳ ನಡುವೆ ಅವನ ಸ್ವಂತದ್ದೂ ಸೇರಿರುತ್ತದೆ. ಅವ್ವ ಬರೆಯದೆ ಹಾಡಿದವಳಾದರೆ ಕೆಲಸ ಇನ್ನೂ ಅವಸರದ್ದು. ಗಿರಣಿ ಬರುವ ಮುಂಚೆ ಬೀಸುತ್ತ ಹಾಡು ಕಲಿತವರು ಇಂದು ಮುಪ್ಪಿನಲ್ಲಿದ್ದಾರೆ. 1931ರಲ್ಲಿ ಹಲಸಂಗಿ ಗೆಳೆಯರಿಗೆ ಪೆನ್ಸಿಲ್ಲು, ಕಾಗದ ಬೇಕಾಗಿದ್ದವು, ಈಗ ಮನೆಯ ಮೊಬೈಲ್ ಫೋನಿನಲ್ಲೇ ಅವರ ದನಿ, ಧಾಟಿ, ಎರಡನೆಯ ಸಾಲಿನ ಮರುಕಳಿಕೆ ಎಲ್ಲವನ್ನೂ ಹಾಗೆಯೇ ತುಂಬಿಟ್ಟುಕೊಳ್ಳಬಹುದು.